ಹುಳು ಸಾಕಿ ದುಡ್ಡು ಮಾಡಬಹುದಾ? ಮೊದಲು ಹುಳುವಿಗೆ ಏನು ಹಾಕ್ತೀರಿ ಹೇಳಿ

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ತೆಂಗಿನ ತೋಟ ಇದೆ, 60 ನಾಟಿ ಕೋಳಿ ಇವೆ. ಐದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ತಿನ್ನುವ ಕೀಟಗಳ ಸಾಕಣೆಗೆ ಒಳ್ಳೆಯ ಕಾಲ ಬರುತ್ತಿದೆ ಅಂತ ವಿಡಿಯೋಗಳಲ್ಲಿ ನೋಡಿದೆ. ಜೀರುಂಡೆ (ಇಂಗ್ಲಿಷಿನ ಕ್ರಿಕೆಟ್ ಹುಳು) ಸಾಕಿ, ಪ್ರೋಟೀನ್ ಪುಡಿ ಮಾಡಿ ಮಾರುವ ಆಸೆ ಇದೆ. ಒಬ್ಬರು 5 ಲಕ್ಷ ಕಟ್ಟಿದರೆ ಮರಿ, ಶೆಡ್ಡು, ತರಬೇತಿ ಎಲ್ಲ ಕೊಡುತ್ತೇವೆ, ಬೆಳೆದದ್ದನ್ನು ನಾವೇ ವಾಪಸ್ ಕೊಳ್ಳುತ್ತೇವೆ ಅಂತಿದ್ದಾರೆ. ಮಾಡಬಹುದಾ? ಅಪ್ಪನಿಗೆ ಇಷ್ಟವಿಲ್ಲ. ಅಮ್ಮ ಮನೆ ಹತ್ತಿರ ಹುಳು ತರಬೇಡ ಅಂತಾರೆ.

ಉತ್ತರ: ಮೊದಲು ಆ 5 ಲಕ್ಷದ ವಿಷಯ ಮುಗಿಸೋಣ. ಕಟ್ಟಬೇಡಿ. ಎಮು ಕೋಳಿ ನೆನಪಿದೆಯಾ? ನಿಮಗಿಲ್ಲದಿದ್ದರೆ ಅಪ್ಪನಿಗೆ ಖಂಡಿತ ಇರುತ್ತದೆ, ಅವರ ಬೇಡ ಅನ್ನುವ ಮಾತಿನ ಹಿಂದೆ ಅದೂ ಇರಬಹುದು. ಮರಿ ನಾವು ಕೊಡ್ತೀವಿ, ಮೇವು ನಾವು ಕೊಡ್ತೀವಿ, ಕೊನೆಗೆ ಕೊಳ್ಳೋದೂ ನಾವೇ ಅಂತ ಹೇಳಿ ದುಡ್ಡು ಕಟ್ಟಿಸಿಕೊಂಡ ಆ ವ್ಯವಹಾರ 2012ರಲ್ಲಿ ತಮಿಳುನಾಡಿನ ಈರೋಡ್ ಕಡೆ ಕುಸಿದು ಬಿತ್ತು. ಸಾವಿರಾರು ರೈತರು ಹಕ್ಕಿಗಳಿಗೆ ಮೇವು ಹಾಕಲೂ ಆಗದೆ ಕೂತರು. ಹುಳುವಿಗೂ ಅದೇ ಲೆಕ್ಕ. ವಾಪಸ್ ಕೊಳ್ಳುತ್ತೇನೆ ಅನ್ನುವವರನ್ನು ಒಂದೇ ಮಾತು ಕೇಳಿ: ನೀವು ಅದನ್ನು ಯಾರಿಗೆ ಮಾರುತ್ತೀರಿ, ಆ ಕೊಳ್ಳುವವರ ಬಿಲ್ಲು ತೋರಿಸಿ. ಬಿಲ್ಲು ಬರದಿದ್ದರೆ ಅಲ್ಲಿಗೆ ಬಿಡಿ.

ಆದರೆ ಹುಳು ಸಾಕುವ ಆಸೆ ಬಿಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಹತ್ತಿರ ಇರುವ ಆ 60 ಕೋಳಿಯಿಂದಲೇ ಇದಕ್ಕೆ ಒಂದು ದಾರಿ ಇದೆ. ಅದು ಜೀರುಂಡೆಯ ದಾರಿ ಅಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹುಳು ತಿನ್ನುವುದು ನಮಗೆ ಹೊಸದೇನಲ್ಲ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿ ಇವತ್ತಿಗೂ ರುಬ್ಬುತ್ತಾರೆ. ಬಯಲುಸೀಮೆಯ ಅಜ್ಜಿಯರನ್ನು ಕೇಳಿ, ಮೊದಲ ಮಳೆ ಬಿದ್ದ ಸಂಜೆ ದೀಪದ ಕೆಳಗೆ ಈಸಲು ಹಿಡಿದು, ರೆಕ್ಕೆ ಕೇರಿ, ಬಾಂಡಲಿಯಲ್ಲಿ ಹುರಿದು ತಿಂದದ್ದನ್ನು ಹೇಳುತ್ತಾರೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ನೂಲಿಗಿಂತ ಒಳಗಿನ ಹುಳುವೇ ಕೆಲವು ಮನೆಗಳಿಗೆ ಹೆಚ್ಚು ಇಷ್ಟ. ಒಡಿಶಾದ ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿತು. ಹಾಗಾಗಿ ಅಸಹ್ಯ, ಮೈಲಿಗೆ ಅನ್ನುವ ಮಾತನ್ನು ಪಕ್ಕಕ್ಕಿಡಬಹುದು.

ಮನೆಯಲ್ಲಿ ಮಾಡಿಕೊಂಡು ತಿನ್ನುವುದು ಬೇರೆ, ಪ್ಯಾಕೆಟ್ ಮಾಡಿ ಅಂಗಡಿಗೆ ಕೊಡುವುದು ಬೇರೆ. ನಮ್ಮ ದೇಶದಲ್ಲಿ ಜೀರುಂಡೆ ಪುಡಿಯನ್ನು ಮನುಷ್ಯರ ಆಹಾರ ಅಂತ ಮಾರಬೇಕಾದರೆ ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ಹತ್ತಿರ ಮೊದಲೇ ಒಪ್ಪಿಗೆ ಪಡೆಯಬೇಕು. ಅವರ ಮಾನದಂಡಗಳ ಪಟ್ಟಿಯಲ್ಲಿ ಇಲ್ಲದ ಆಹಾರಕ್ಕೆ ಅಂತಲೇ 2017ರ ನಿಯಮ ಒಂದಿದೆ. ಸುರಕ್ಷತೆಯ ಪರೀಕ್ಷೆಗಳು, ತಯಾರಿಕೆಯ ವಿವರ, ಬೇರೆ ದೇಶದಲ್ಲಿ ಬಳಕೆಯಾದ ದಾಖಲೆ ಎಲ್ಲ ಕೊಡಬೇಕು. ಒಬ್ಬ ರೈತ ತನ್ನ ಜೇಬಿನಿಂದ ಮಾಡುವ ಕೆಲಸ ಅದಲ್ಲ. ಯುರೋಪಿಯನ್ ಒಕ್ಕೂಟ ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ದುಂಬಿಯ ಮರಿಹುಳುವಿಗೆ, ಅಂದರೆ ಒಣ ಮೀಲ್‌ವರ್ಮ್‌ಗೆ ಮೊದಲ ಸಲ ಒಪ್ಪಿಗೆ ಕೊಟ್ಟದ್ದೇ 2021ರಲ್ಲಿ. ಸಿಂಗಾಪುರ 16 ಜಾತಿಯ ಕೀಟಗಳಿಗೆ ಒಪ್ಪಿಗೆ ಕೊಟ್ಟದ್ದು 2024ರ ಜುಲೈನಲ್ಲಿ. ನೀವು ನೋಡಿದ ವಿಡಿಯೋಗಳು ಬಹುಶಃ ಅಲ್ಲಿನವು.

ಇನ್ನೊಂದು ಮಾತು. ಸೀಗಡಿ, ಏಡಿ ತಿಂದರೆ ಮೈ ಊದಿಕೊಳ್ಳುವ ಜನರಿಗೆ ಕೀಟದಿಂದಲೂ ಅಲರ್ಜಿ ಆಗಬಹುದು. ಎರಡರಲ್ಲೂ ಒಂದೇ ಬಗೆಯ ಪ್ರೋಟೀನ್ ಇದೆ. ಲೇಬಲ್ ಇಲ್ಲದೆ ಗೊತ್ತಿದ್ದವರಿಗೆ ಸುಮ್ನೆ ಹಂಚುವುದೂ ಅಪಾಯ.

ಈಗ ಜೀರುಂಡೆಯ ಲೆಕ್ಕಕ್ಕೆ ಬರೋಣ. ಥಾಯ್ಲೆಂಡಿನಲ್ಲಿ ಸುಮಾರು 20,000 ಜನ ಜೀರುಂಡೆ ಸಾಕುತ್ತಾರೆ. ಸಿಮೆಂಟಿನ ತೊಟ್ಟಿ, ಒಳಗೆ ಮೊಟ್ಟೆ ಟ್ರೇಗಳನ್ನು ನಿಲ್ಲಿಸಿ ಬಿಡುತ್ತಾರೆ. ಒಂದೂವರೆ ತಿಂಗಳಿಗೆ ಒಂದು ಬೆಳೆ. ಅಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಸಂಜೆ ಸಂತೆಯಲ್ಲಿ ಹುರಿದ ಜೀರುಂಡೆ ಕೊಳ್ಳುವ ಜನ ಮೊದಲಿಂದಲೂ ಇದ್ದಾರೆ. ನಮ್ಮ ತಿಪಟೂರು ಸಂತೆಯಲ್ಲಿ ಇಲ್ಲ, ಅಲ್ವಾ? ಅದಕ್ಕಿಂತ ಮುಖ್ಯ, ಆ ಜೀರುಂಡೆಗಳು ತಿನ್ನುವುದು ಕೋಳಿ ಫೀಡು. ದುಡ್ಡು ಕೊಟ್ಟು ತಂದ ಫೀಡು.

ಹಾಗಾದರೆ ಕಸ ಹಾಕಿ ಸಾಕಬಹುದಲ್ಲ ಅಂತ ನೀವು ಕೇಳಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಅದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೋಳಿ ಫೀಡು ತಿಂದ ಜೀರುಂಡೆಗಳು ಚೆನ್ನಾಗಿ ಬೆಳೆದವು. ಆದರೂ ಫೀಡನ್ನು ಪ್ರೋಟೀನ್ ಮಾಡುವುದರಲ್ಲಿ ಕೋಳಿಗಿಂತ ಹೇಳಿಕೊಳ್ಳುವಷ್ಟು ಮುಂದಿರಲಿಲ್ಲ. ಸಂಸ್ಕರಿಸದ ಆಹಾರ ತ್ಯಾಜ್ಯ, ಹುಲ್ಲು ಕಡ್ಡಿ ತಿಂದವು ಕೊಯ್ಲಿಗೆ ಬರುವ ಮೊದಲೇ ಹೆಚ್ಚುಕಡಿಮೆ ಎಲ್ಲ ಸತ್ತವು. ನನ್ನ ಪಾಲಿಗೆ ಈ ವಿಷಯದಲ್ಲಿ ಅತ್ಯಂತ ದೊಡ್ಡ ಪಾಠ ಇದೇ. ಕೀಟ ಅಂದ ತಕ್ಷಣ ಪರಿಸರಕ್ಕೆ ಒಳ್ಳೆಯದು ಅಂತ ಆಗುವುದಿಲ್ಲ. ಅದು ಏನು ತಿಂದು ಬೆಳೆಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೋಳಿ ತಿನ್ನಬಹುದಾದ ಜೋಳ, ಸೋಯಾವನ್ನೇ ಹುಳುವಿಗೆ ಹಾಕಿ, ಆಮೇಲೆ ಹುಳುವನ್ನು ಕೋಳಿಗೆ ಹಾಕಿದರೆ ನಡುವೆ ಒಂದು ಖರ್ಚು ಸೇರಿಸಿದಂತೆ ಅಷ್ಟೆ.

ಫ್ರಾನ್ಸಿನಲ್ಲಿ ಇನ್‌ಸೆಕ್ಟ್ ಅನ್ನುವ ಕಂಪನಿ ಇತ್ತು. ಮೀಲ್‌ವರ್ಮ್ ಸಾಕಲು ದೊಡ್ಡ ಕಟ್ಟಡ, ಯಂತ್ರ, ರೋಬೋಟ್, ಸಾವಿರಾರು ಕೋಟಿ ರೂಪಾಯಿ ಬಂಡವಾಳ. ಆ ಹುಳುವಿಗೆ ಮೇವು ಗೋಧಿ ಬೂಸಾ. 2024ರಲ್ಲಿ ಆ ಕಂಪನಿ ಸಾಲಗಾರರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು, 2025ರ ಕೊನೆಗೆ ಮುಚ್ಚುವ ಸ್ಥಿತಿಗೆ ಬಂತು. ಅಷ್ಟು ದುಡ್ಡಿದ್ದವರಿಗೂ ಮೀನಿನ ಪುಡಿ, ಸೋಯಾ ಹಿಂಡಿಯ ಬೆಲೆಗೆ ಸರಿಗಟ್ಟುವುದು ಕಷ್ಟವಾಯಿತು. ನಿಮ್ಮ 5 ಲಕ್ಷದ ಬಗ್ಗೆ ನನಗೆ ಇರುವ ಹೆದರಿಕೆ ಇದೇ.

ಹಾಗಾದರೆ ಯಾವ ಹುಳು? ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳು. ಎಲ್ಲರೂ ಬಿಎಸ್‌ಎಫ್ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಬೆಂಗಳೂರಿನಲ್ಲಿ ಬಾಲ್ಕನಿಯಲ್ಲಿ ಕಾಂಪೋಸ್ಟ್ ಡಬ್ಬ ಇಟ್ಟವರನ್ನು ಕೇಳಿ. ಒಂದು ದಿನ ಮುಚ್ಚಳ ತೆಗೆದಾಗ ಬೂದು ಬಿಳಿ ಬಣ್ಣದ, ಚಪ್ಪಟೆ, ಗಟ್ಟಿ ಚರ್ಮದ ಹುಳುಗಳು ಗಿಜಿಗಿಜಿ ಅಂತಿರುತ್ತವೆ. ಅದೇ ಇದು. ಎಲ್ಲಿಂದಲೂ ತರಿಸಬೇಕಾಗಿಲ್ಲ, ನಿಮ್ಮ ತೋಟದಲ್ಲೇ ಇದೆ. ಹೊರದೇಶದಿಂದ ಜೀವಂತ ಕೀಟ ತರಿಸಲು ಸರ್ಕಾರದ ಪರವಾನಗಿ ಬೇಕು. ಆ ತಾಪತ್ರಯ ಇಲ್ಲಿಲ್ಲ.

ದೊಡ್ಡ ನೊಣ ಕಪ್ಪಗೆ, ಉದ್ದಕ್ಕೆ ಇರುತ್ತದೆ. ನೋಡಲು ಕಣಜದ ಹಾಗೆ, ಆದರೆ ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ನೊಣವಾದ ಮೇಲೆ ಅದು ಊಟ ಮಾಡುವುದು ಇಲ್ಲವೆನ್ನುವಷ್ಟು ಕಡಿಮೆ, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೇ ಒಂದು ವಾರ ಬದುಕುತ್ತದೆ. ಹಾಗಾಗಿ ಮನೆ ನೊಣದಂತೆ ಅನ್ನದ ಮೇಲೆ ಬಂದು ಕೂರುವ ಚಾಳಿ ಇಲ್ಲ. ಅಮ್ಮನಿಗೆ ಇದನ್ನು ಮೊದಲು ಹೇಳಿ. ನಿಮ್ಮ ಸುತ್ತ ಯಾರಾದರೂ ರೇಷ್ಮೆ ಸಾಕುತ್ತಿದ್ದರೆ ಅವರಿಗೂ ಹೇಳಿ. ನೊಣ ಅಂದರೆ ಅವರಿಗೆ ಊಜಿ ನೆನಪಾಗುತ್ತದೆ. ಊಜಿ ಬದುಕಿರುವ ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ. ಬಿಎಸ್‌ಎಫ್ ಕೊಳೆಯುವ ವಸ್ತುವಿನ ಹತ್ತಿರದ ಒಣ ಸಂದಿಯಲ್ಲಿ ಮಾತ್ರ ಇಡುತ್ತದೆ. ಎರಡಕ್ಕೂ ಸಂಬಂಧವಿಲ್ಲ.

ಒಂದು ಹೆಣ್ಣು ಸುಮಾರು 500 ಮೊಟ್ಟೆ ಇಡುತ್ತದೆ. ನಾಲ್ಕು ದಿನಕ್ಕೆ ಒಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳಿಗೆ ಐದು ದಿನ ನೆನೆಸಿದ ಕೋಳಿ ಫೀಡು ಕೊಟ್ಟು ಬಲ ಬರಿಸಬೇಕು. ನಿಮ್ಮ ಊರಿನಲ್ಲಿ ಕೊಬ್ಬರಿ ಹಿಂಡಿ ಸುಲಭವಾಗಿ ಸಿಗುತ್ತದಲ್ಲ, ಅದನ್ನೂ ಸ್ವಲ್ಪ ಬೆರೆಸಬಹುದು. ಆಮೇಲೆ ಕ್ರೇಟಿಗೆ ಬಿಡುವುದು. 60 ಸೆಂಟಿಮೀಟರ್ ಉದ್ದ, 40 ಅಗಲದ ಕ್ರೇಟಿಗೆ 10,000 ಮರಿ, 12 ದಿನದಲ್ಲಿ ಒಟ್ಟು 15 ಕೆಜಿ ತ್ಯಾಜ್ಯ. ಇದನ್ನು ಒಂದೇ ಸಲ ಸುರಿಯಬೇಡಿ, ಮೂರು ಕಂತಿನಲ್ಲಿ ಐದೈದು ಕೆಜಿ ಹಾಕಿ. ಸ್ವಿಟ್ಜರ್ಲೆಂಡಿನ ಇಯಾವಾಗ್ ಸಂಸ್ಥೆಯವರು ಇಂಡೋನೇಷ್ಯಾದಲ್ಲಿ ಕೆಲಸ ಮಾಡಿ ಹೇಳಿದ ಅಳತೆ ಇದು. ನಾನು ಬೇರೆ ಬೇರೆ ಅಳತೆ ಮಾಡಿ ನೋಡಿ ಮತ್ತೆ ಇದಕ್ಕೇ ಬಂದಿದ್ದೇನೆ.

ಹತ್ತನೇ ದಿನ ಆ ಕ್ರೇಟಿನ ಹತ್ತಿರ ಕಿವಿ ಇಟ್ಟು ನೋಡಿ. ಒಲೆಯ ಮೇಲೆ ಅನ್ನದ ನೀರು ಇಂಗುವಾಗ ತಳದಲ್ಲಿ ಚಿಟಪಟ ಅನ್ನುತ್ತದಲ್ಲ, ಹಾಗೆ ಸದ್ದು ಬರುತ್ತಿರುತ್ತದೆ. ಕೈ ಒಳಗೆ ಹಾಕಿದರೆ ಕಾವು ಕೂತ ಕೋಳಿಯ ಹೊಟ್ಟೆಯ ಕೆಳಗಿನ ಬಿಸಿ. ಆ ಬಿಸಿ ಹುಳುಗಳದ್ದೇ. ಮೇಲೆ ಹಾಕಿದ ಪಪ್ಪಾಯಿ ಸಿಪ್ಪೆ ಸಣ್ಣಗೆ ಅಲುಗಾಡುತ್ತಾ ಒಳಗೆ ಮುಳುಗುತ್ತಾ ಹೋಗುವುದನ್ನು ನಿಂತು ನೋಡಬಹುದು. ಹದ ಸರಿಯಿದ್ದರೆ ವಾಸನೆ ಹಸಿ ಮಣ್ಣಿನದು. ಮೂಗಿಗೆ ಖಾರವಾಗಿ ಅಮೋನಿಯಾ ಹೊಡೆದರೆ ಏನೋ ತಪ್ಪಾಗಿದೆ, ಮೇವು ಜಾಸ್ತಿ ಆಗಿದೆ ಅಥವಾ ನೀರು ಜಾಸ್ತಿ ಆಗಿದೆ.

ನೀರಿನ ವಿಷಯದಲ್ಲಿ ನಾನು ಪಟ್ಟ ಪಾಡು ಹೇಳಿಬಿಡುತ್ತೇನೆ. ಶುರುವಿನ ವರ್ಷ ಒಂದು ಕಲ್ಯಾಣ ಮಂಟಪದಿಂದ ಮದುವೆ ಊಟದ ಉಳಿಕೆ ತಂದೆ. ಅನ್ನ, ಸಾಂಬಾರು, ಪಾಯಸ, ಉಪ್ಪಿನಕಾಯಿ, ಎಲ್ಲ ಒಂದೇ ಡ್ರಮ್ಮಿನಲ್ಲಿ. ಹುಳುವಿಗೆ ಹಬ್ಬ ಅಂದುಕೊಂಡು ಹನ್ನೆರಡು ಕ್ರೇಟಿಗೂ ಸುರಿದೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಗೋಡೆಯ ಮೇಲೆ, ಸೂರಿನ ಕೆಳಗೆ, ನನ್ನ ಚಪ್ಪಲಿಯ ಒಳಗೆ, ಎಲ್ಲೆಲ್ಲೂ ಹುಳು. ತೇವ ಮಿತಿಮೀರಿದರೆ ಉಸಿರು ಕಟ್ಟಿ ಅವು ಕ್ರೇಟಿನ ಗೋಡೆ ಹತ್ತಿ ಹೊರಟುಬಿಡುತ್ತವೆ. ಒಳಗೆ ಉಳಿದವು ಉಪ್ಪಿಗೆ ಸಣಕಲಾದವು. ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ಹೋಟೆಲ್ ಉಳಿಕೆ ಬಂದರೆ ರಂಧ್ರದ ಬುಟ್ಟಿಯಲ್ಲಿ ರಾತ್ರಿಯಿಡೀ ನೀರು ಬಸಿಯಬೇಕು. ಆಮೇಲೆ ತೌಡೋ, ತೆಂಗಿನ ನಾರಿನ ಪುಡಿಯೋ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು.

ತರಕಾರಿ ಮಂಡಿಯ ಕಸ, ಹಣ್ಣಿನ ಜ್ಯೂಸ್ ಅಂಗಡಿಯ ಸಿಪ್ಪೆ, ಬೇಕರಿಯ ಹಳೆ ಬ್ರೆಡ್ಡು ಉತ್ತಮ. ಊಟ ಮಾಡಿದ ಬಾಳೆ ಎಲೆ ಬೇಡ, ಅಷ್ಟು ನಾರನ್ನು ಇವು ಅರಗಿಸಿಕೊಳ್ಳುವುದಿಲ್ಲ. ನಿಂಬೆ, ಕಿತ್ತಳೆ ಸಿಪ್ಪೆ ಕಡಿಮೆ ಇರಲಿ. ಕಾರ್ಖಾನೆಯ ಕೊಳಚೆ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕೆಸರು ಎಂದೂ ಹಾಕಬೇಡಿ. ಬಿಎಸ್‌ಎಫ್ ಹುಳುವಿನ ಮೈಯಲ್ಲಿ ಕ್ಯಾಡ್ಮಿಯಂನಂಥ ವಿಷ ಲೋಹ ಸೇರಿಕೊಳ್ಳುತ್ತದೆ. ಅದು ಕೋಳಿಗೆ, ಕೋಳಿಯಿಂದ ಮನೆ ಮಕ್ಕಳಿಗೆ ಬರುತ್ತದೆ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ, ನೀವೂ ಮಾಡಿಕೊಳ್ಳಬೇಡಿ. ಮುಂದೆ ಯುರೋಪಿಗೆ ಕಳಿಸುವ ಕನಸಿದ್ದರೆ ಇನ್ನೂ ಬಿಗಿ. ಮೀನಿನ ಮೇವಿಗೆ 2017ರಲ್ಲಿ, ಕೋಳಿ ಹಂದಿ ಮೇವಿಗೆ 2021ರಲ್ಲಿ ಅವರು ಕೀಟದ ಪುಡಿಗೆ ಅವಕಾಶ ಕೊಟ್ಟಿದ್ದಾರೆ. ಆದರೆ ಹೋಟೆಲ್ ಉಳಿಕೆ, ಮಾಂಸ, ಸಗಣಿ ತಿಂದ ಹುಳು ಅವರಿಗೆ ಬೇಡ.

15 ಕೆಜಿ ತಿಂದ ಕ್ರೇಟಿನಿಂದ ನಿಮಗೆ ಸುಮಾರು 2 ಕೆಜಿ ಹಸಿ ಹುಳು ಸಿಗುತ್ತದೆ, ನಾಲ್ಕೈದು ಕೆಜಿ ಹಿಕ್ಕೆ ಗೊಬ್ಬರ ಸಿಗುತ್ತದೆ. 60 ಕೋಳಿಗೆ ತಲೆಗೆ 30 ಗ್ರಾಂ ಅಂತ ಹಾಕಿದರೆ ದಿನಕ್ಕೆ 1.8 ಕೆಜಿ. ಅಂದರೆ ದಿನಕ್ಕೊಂದು ಕ್ರೇಟು. ದಿನಕ್ಕೊಂದು ಹೊಸ ಕ್ರೇಟು ಶುರುವಾಗಬೇಕು, ಒಂದು ಕೊಯ್ಲಿಗೆ ಬರಬೇಕು. ಒಟ್ಟು 13 ಕ್ರೇಟು ಸಾಕು. ಪ್ರತಿ ಕ್ರೇಟಿನಿಂದ ಒಂದು 500 ಹುಳುವನ್ನು ಬೀಜಕ್ಕೆ ಬಿಡಿ. ಅವು ಇನ್ನಷ್ಟು ದಿನ ಬೆಳೆದು, ಕಪ್ಪಾಗಿ, ಒಣ ಜಾಗ ಹುಡುಕಿಕೊಂಡು ಹೋಗುತ್ತವೆ. ಅವುಗಳನ್ನು ನಾರಿನ ಪುಡಿಯಲ್ಲಿ ಕತ್ತಲೆಗೆ ಇಟ್ಟರೆ ಎರಡು ವಾರಕ್ಕೆ ನೊಣವಾಗಿ ಏಳುತ್ತವೆ.

ದುಡ್ಡಿನ ಲೆಕ್ಕವನ್ನು ಬಿಚ್ಚಿಯೇ ಹೇಳುತ್ತೇನೆ. 2 ಕೆಜಿ ಹಸಿ ಹುಳು ಒಣಗಿದರೆ 600-700 ಗ್ರಾಂ ಮಾತ್ರ. ಕೋಳಿ ಫೀಡು ಕೆಜಿಗೆ 40 ರೂಪಾಯಿ ಅಂತ ಹಿಡಿದರೂ ದಿನಕ್ಕೆ 25-30 ರೂಪಾಯಿ ಉಳಿತಾಯ. ತಿಂಗಳಿಗೆ 900 ರೂಪಾಯಿ ಮುಟ್ಟಿದರೆ ಹೆಚ್ಚು. ಕೆಲಸ ಬಿಟ್ಟು ಬಂದವರಿಗೆ ಇದು ಸಂಸಾರ ಸಾಗಿಸುವ ದುಡ್ಡಲ್ಲ.

ಹಾಗಂತ ದೊಡ್ಡದು ಮಾಡಿ, ಒಣಗಿಸಿ, ಪುಡಿ ಮಾಡಿ ಮಾರೋಣ ಅಂದರೆ? ದಿನಕ್ಕೆ 100 ಕೆಜಿ ತ್ಯಾಜ್ಯ ಅಂತ ಇಟ್ಟುಕೊಳ್ಳಿ. 13 ಕೆಜಿ ಹಸಿ ಹುಳು, ಒಣಗಿದ ಮೇಲೆ ನಾಲ್ಕು ಕೆಜಿ ಚಿಲ್ಲರೆ. ಕೆಜಿಗೆ 100 ರೂಪಾಯಿ ಸಿಕ್ಕಿತು ಅಂತಲೇ ಹಿಡಿಯೋಣ, 400 ರೂಪಾಯಿ ಆಯಿತು. ಅದರಲ್ಲಿ ಕಸ ತರುವ ಗಾಡಿಯ ಡೀಸೆಲ್, ಒಣಗಿಸುವ ಸೌದೆ ಅಥವಾ ಕರೆಂಟು, ಒಬ್ಬ ಆಳಿನ ಕೂಲಿ ಕಳೆಯಿರಿ. ಉಳಿಯುವುದೇನು? ಫೀಡ್ ಕಾರ್ಖಾನೆಯವರಿಗೆ ನಿಮ್ಮ ಕಷ್ಟ ಗೊತ್ತಿರುವುದಿಲ್ಲ. ಅವರು ನಿಮ್ಮ ಹುಳುವನ್ನು ಸೋಯಾ ಹಿಂಡಿಯ ಪಕ್ಕ, ಒಣಮೀನಿನ ಪುಡಿಯ ಪಕ್ಕ ಇಟ್ಟು ಬೆಲೆ ಕಟ್ಟುತ್ತಾರೆ. ಅವರಿಗೆ ಟನ್ನುಗಟ್ಟಲೆ, ಪ್ರತಿ ವಾರ, ಒಂದೇ ಗುಣಮಟ್ಟದ ಮಾಲು ಬೇಕು.

ಹಾಗಾಗಿ ನನ್ನ ಸಲಹೆ: ಹುಳು ಮಾರಬೇಡಿ, ಹುಳು ತಿಂದ ಕೋಳಿಯನ್ನು ಮಾರಿ. ಹಸಿ ಹುಳುವನ್ನು ಹಾಗೇ ಕೋಳಿಗೆ ಹಾಕಿದರೆ ಒಣಗಿಸುವ ಖರ್ಚು ಇಲ್ಲ, ಪುಡಿ ಮಾಡುವ ಮಿಶನ್ ಬೇಡ, ಮಾರಲು ಅಲೆಯುವ ಕೆಲಸವಿಲ್ಲ. ನಾಟಿ ಮೊಟ್ಟೆಗೆ, ನಾಟಿ ಕೋಳಿಗೆ ಗಿರಾಕಿ ನಿಮ್ಮ ಊರಿನಲ್ಲೇ ಇದ್ದಾರೆ. ಕಸದ ಕಡೆಯಿಂದಲೂ ಒಂದು ಆದಾಯ ಬರಬಹುದು. ಹೆದ್ದಾರಿಯ ಹೋಟೆಲಿಗೆ, ಮಂಟಪಕ್ಕೆ ಹಸಿ ಕಸ ಒಂದು ತಲೆನೋವು. ಬೇರೆ ಮಾಡಿ ಇಟ್ಟರೆ ದಿನಾ ಬೆಳಿಗ್ಗೆ ತಪ್ಪದೆ ಒಯ್ಯುತ್ತೇನೆ ಅಂದರೆ ತಿಂಗಳಿಗೆ ಇಷ್ಟು ಅಂತ ಕೊಡಲು ಒಪ್ಪುವವರು ಸಿಗುತ್ತಾರೆ. ಒಂದು ದಿನ ತಪ್ಪಿಸಿದರೆ ಅವರು ನಿಮ್ಮನ್ನು ಬಿಡುತ್ತಾರೆ, ಅದನ್ನೂ ನೆನಪಿಡಿ. ಹಿಕ್ಕೆ ಗೊಬ್ಬರ ನಿಮ್ಮ ತೆಂಗಿನ ಬುಡಕ್ಕೆ. ತಾಜಾ ಹಾಕಬೇಡಿ, ಎರಡು ಮೂರು ವಾರ ನೆರಳಿನಲ್ಲಿ ಕಳಿಯಲು ಬಿಡಿ. ಕಸ ಒಯ್ಯುವುದಕ್ಕೆ ಸಿಗುವ ದುಡ್ಡು, ಉಳಿತಾಯವಾದ ಫೀಡು, ಗೊಬ್ಬರ ಈ ಮೂರೂ ಸೇರಿದಾಗ ಲೆಕ್ಕ ಕೂಡುತ್ತದೆ. ಕೋಳಿ 60ರಿಂದ 300 ಆದಾಗ ಅದು ಕಣ್ಣಿಗೆ ಕಾಣುವಷ್ಟು ಆಗುತ್ತದೆ.

ಕೋಳಿಗೆ ಹುಳುವೊಂದನ್ನೇ ಹಾಕಬೇಡಿ. ಇದರಲ್ಲಿ ಕೊಬ್ಬು ಜಾಸ್ತಿ, ಒಣ ತೂಕದಲ್ಲಿ ಮೂರನೇ ಒಂದು ಪಾಲಿನವರೆಗೂ ಇರುತ್ತದೆ. ಪ್ರೋಟೀನ್ 40 ಪರ್ಸೆಂಟ್ ಆಸುಪಾಸು. ಒಳ್ಳೆಯ ಕ್ಯಾಲ್ಸಿಯಂ ಇದೆ. ಕಾಳು, ಸೊಪ್ಪು, ಕೆದಕುವ ಮಣ್ಣು ಎಲ್ಲ ಮೊದಲಿನಂತೆ ಇರಲಿ, ಹುಳು ಅದರ ಜೊತೆಗೆ. ಊಟದ ಉಳಿಕೆಯಲ್ಲಿ ಬೆಳೆದ ಹುಳುವನ್ನು ನಾನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ತೆಗೆದು ಆಮೇಲೆ ಕೋಳಿಗೆ ಕೊಡುತ್ತೇನೆ. ರೋಗದ ಭಯ ಕಡಿಮೆಯಾಗುತ್ತದೆ.

ಸ್ವಲ್ಪ ಒಣ ಹುಳುವಿಗೆ ಒಳ್ಳೆಯ ಬೆಲೆ ಸಿಗುವ ಒಂದು ಜಾಗ ಇದೆ. ಅಕ್ವೇರಿಯಂ ಅಂಗಡಿ, ಸಾಕುಹಕ್ಕಿ ಇಟ್ಟವರು. ಅವರು 100 ಗ್ರಾಂ ಪ್ಯಾಕೆಟ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಈ ಮಾರುಕಟ್ಟೆ ಚಿಕ್ಕದು, ನಾಲ್ಕು ಜನ ಇಳಿದರೆ ತುಂಬಿಹೋಗುತ್ತದೆ. ತುಮಕೂರಿನ ಎರಡು ಅಂಗಡಿಗೆ ಮಾದರಿ ಕೊಟ್ಟು ನೋಡಿ, ಅಷ್ಟೆ.

ಇರುವೆ ಬಗ್ಗೆ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದಂತೆ. ಒಂದೇ ರಾತ್ರಿ ಸಾಕು, ಮೊಟ್ಟೆಯ ಪಟ್ಟಿಯೆಲ್ಲ ಖಾಲಿ. ರ‍್ಯಾಕಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಡಿ, ಮೇಲೆ ಒಂದು ಚಮಚ ಎಣ್ಣೆ ಬಿಡಿ. ರ‍್ಯಾಕು ಗೋಡೆಗೆ ತಾಗಬಾರದು. ಒಂದು ಕಡ್ಡಿ ಒರಗಿದ್ದರೂ ಅದೇ ಇರುವೆಗೆ ಸೇತುವೆ. ಇಲಿ, ಹಲ್ಲಿ, ಕಾಗೆ ಮೂರಕ್ಕೂ ಜಾಲರಿ ಬೇಕು. ಇರುವೆ ಪುಡಿ, ನೊಣದ ಸ್ಪ್ರೇ ಶೆಡ್ಡಿನ ಹತ್ತಿರವೂ ತರಬೇಡಿ.

ಇನ್ನೊಂದು ತೊಡಕು ಬಿಸಿಲು. ಹುಳು ಕತ್ತಲೆಯಲ್ಲಿ ಬೆಳೆಯುತ್ತದೆ, ಆದರೆ ನೊಣ ಜೊತೆಗೂಡಲು ಒಳ್ಳೆಯ ಬೆಳಕು ಬೇಕು. ಬೆಳಗಿನ ಬಿಸಿಲು ಬೀಳುವ ಕಡೆ ಸೊಳ್ಳೆ ಪರದೆಯ ಪಂಜರ ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸಿ. ಜುಲೈ-ಆಗಸ್ಟಿನ ಮೋಡದಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ ಮೊಟ್ಟೆ ತೀರಾ ಇಳಿದುಹೋಗುತ್ತದೆ. ವಿಡಿಯೋದಲ್ಲಿ ವರ್ಷವಿಡೀ ಒಂದೇ ಸಮ ಬರುವಂತೆ ತೋರಿಸುತ್ತಾರೆ, ನಂಬಬೇಡಿ. ಆ ನಾಲ್ಕು ತಿಂಗಳು ಅರ್ಧ ಉತ್ಪಾದನೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ನಿಮಗೆ ನಿಜವಾಗಿ ದೊಡ್ಡ ಪ್ರಮಾಣದ ಕೀಟ ಪ್ರೋಟೀನ್ ವ್ಯಾಪಾರವೇ ಬೇಕು ಅಂದರೆ ಸಾಕುವ ಮೊದಲು ಒಮ್ಮೆ ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಹೋಗಿ ಬನ್ನಿ. ಹಿಪ್ಪುನೇರಳೆ ರೇಷ್ಮೆಯಲ್ಲಿ ದೇಶಕ್ಕೇ ಮುಂದೆ ಇರುವ ರಾಜ್ಯ ನಮ್ಮದು. 100 ಕೆಜಿ ಹಸಿ ಗೂಡಿನಲ್ಲಿ 80 ಕೆಜಿ ಒಳಗಿನ ಪ್ಯೂಪಾ, ಅಂದರೆ ಗೂಡು ಕಟ್ಟಿ ಒಳಗೆ ಕೂತ ಹುಳು. ಒಣಗಿದರೆ ಸುಮಾರು 20 ಕೆಜಿ ಉಳಿಯುತ್ತದೆ, ಅದರಲ್ಲಿ ಅರ್ಧದಷ್ಟು ಪ್ರೋಟೀನ್. ಅಂದರೆ ಕೀಟ ಸಾಕುವ ಕೆಲಸವನ್ನು ನಮ್ಮ ರೈತರು ತಲೆಮಾರುಗಳಿಂದ ಮಾಡುತ್ತಲೇ ಇದ್ದಾರೆ, ಅದೂ ಅವರ ಖರ್ಚು ನೂಲಿನಲ್ಲೇ ಹುಟ್ಟುವಂತೆ. ಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಮನೆಯ ಹಿಂದೆ ಬೆಂದ ಪ್ಯೂಪಾ ಗುಡ್ಡೆ ಹಾಕಿರುತ್ತಾರೆ. ಆ ಕಂದು ಬಣ್ಣದ ಗುಡ್ಡೆಯಿಂದ ಹಬೆ ಏಳುತ್ತಿರುತ್ತದೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಸಂಜೆಯವರೆಗೂ ಬಿಡುವುದಿಲ್ಲ. ಅದನ್ನು ಎಣ್ಣೆ ತೆಗೆಯುವವರು, ಮೀನು ಕೋಳಿ ಮೇವಿನವರು ಕೊಳ್ಳುತ್ತಾರೆ.

ತೊಂದರೆ ಎಲ್ಲಿ ಅಂದರೆ, ಆ ಗುಡ್ಡೆ ಒಂದು ದಿನ ಹಾಗೇ ಕೂತರೂ ಕೊಳೆಯಲು ಶುರು, ಎಣ್ಣೆ ಕಮಟು ಹಿಡಿಯುತ್ತದೆ. ಕಮಟು ಹಿಡಿದ ಪ್ಯೂಪಾ ತಿಂದ ಕೋಳಿಯ ಮೊಟ್ಟೆಗೂ ಆ ವಾಸನೆ ಬರುತ್ತದೆ. ಅದೇ ದಿನ ಒಣಗಿಸಿ, ಎಣ್ಣೆ ತೆಗೆದು, ಶುದ್ಧ ಪುಡಿ ಮಾಡಿದರೆ ಅದು ಬೇರೆಯೇ ದರ್ಜೆಯ ಮಾಲು. 2019ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಲೂಪ್‌ವರ್ಮ್ ಅನ್ನುವ ಕಂಪನಿ ರೇಷ್ಮೆ ಪ್ಯೂಪಾವನ್ನೂ ಬಿಎಸ್‌ಎಫ್ ಅನ್ನೂ ಹಿಡಿದು ಮೇವಿನ ಪ್ರೋಟೀನ್ ಮಾಡುತ್ತಿದೆ. ನನ್ನ ನಂಬಿಕೆ ಕೇಳಿದರೆ, ಕರ್ನಾಟಕದಲ್ಲಿ ಮನುಷ್ಯರ ತಟ್ಟೆಗೆ ಬರುವ ಮೊದಲ ಕೀಟ ಪ್ರೋಟೀನ್ ಜೀರುಂಡೆಯದ್ದಾಗಿರುವುದಿಲ್ಲ, ರೇಷ್ಮೆ ಹುಳುವಿನದ್ದಾಗಿರುತ್ತದೆ. ಕೊರಿಯಾದಲ್ಲಿ ಅದನ್ನು ಬೇಯಿಸಿ ಡಬ್ಬಿಯಲ್ಲಿ ಮಾರುತ್ತಾರೆ. ಆದರೆ ತಿಪಟೂರಿನಿಂದ ದಿನಾ ರಾಮನಗರಕ್ಕೆ ಹೋಗಿ ಹಸಿ ಪ್ಯೂಪಾ ತರುವುದು ನಡೆಯದ ಮಾತು. ಆ ಕೆಲಸ ರೀಲಿಂಗ್ ಮನೆಗಳ ಮಧ್ಯೆಯೇ ಕೂತು ಮಾಡುವಂಥದ್ದು, ಬಂಡವಾಳವೂ ಜಾಸ್ತಿ. ಪಾಲುದಾರರು ಸಿಕ್ಕಾಗ ಯೋಚಿಸಿ.

ಅಮ್ಮನ ಮಾತಿಗೆ ಬರುತ್ತೇನೆ. ಅವರು ಹೇಳುವುದು ಸರಿ, ಶೆಡ್ಡು ಮನೆಯ ಪಕ್ಕ ಬೇಡ. ತೋಟದ ಆ ಕಡೆ, ಗಾಳಿ ಮನೆಯ ಕಡೆಗೆ ಬೀಸದ ದಿಕ್ಕಿನಲ್ಲಿ, ನೆರಳಿನಲ್ಲಿ ಕಟ್ಟಿ. ತೆಂಗಿನ ಗರಿಯ ಮಾಡು ಸಾಕು. ಕಸ ಬಂದ ದಿನವೇ ಬಸಿಯಲು ಇಟ್ಟು, ಮಾರನೇ ಬೆಳಿಗ್ಗೆಯೇ ಕ್ರೇಟಿಗೆ ಹಾಕಿಬಿಟ್ಟರೆ ಮನೆ ನೊಣ ಬರುವುದಿಲ್ಲ. ಡ್ರಮ್ಮಿನಲ್ಲಿ ಎರಡು ದಿನ ಬಿಟ್ಟರೆ ಅಮ್ಮ ಬೈಯುವುದು ನ್ಯಾಯವೇ. ಅಪ್ಪನಿಗೆ ಮಾತಿನಲ್ಲಿ ಏನೂ ಹೇಳಬೇಡಿ. ಮೊದಲ ಬಟ್ಟಲು ಹುಳುವನ್ನು ಅವರ ಕೈಗೇ ಕೊಟ್ಟು ಕೋಳಿಗಳ ಮುಂದೆ ಚೆಲ್ಲಿಸಿ.

ಎಷ್ಟು ದುಡ್ಡು ಹಾಕಬೇಕು? ಮೊದಲ ಆರು ತಿಂಗಳಿಗೆ 25,000 ರೂಪಾಯಿ ದಾಟಬಾರದು. ಕ್ರೇಟು, ರ‍್ಯಾಕು, ಪರದೆ, ಒಂದು ತಕ್ಕಡಿ. ತಕ್ಕಡಿ ಮರೆಯಬೇಡಿ. ಎಷ್ಟು ಕಸ ಬಂತು, ಎಷ್ಟು ಹುಳು ಸಿಕ್ಕಿತು, ಕೋಳಿ ಫೀಡು ಎಷ್ಟು ಇಳಿಯಿತು ಅಂತ ದಿನಾ ಬರೆದಿಡಿ. ಹುಳುವಿನ ಗುರುತಿನ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಕೀಟ ಗುರುತಿಸುವುದು ಅವರ ಕೆಲಸವೇ. ಆರು ತಿಂಗಳ ಆ ನೋಟ್‌ಬುಕ್ ಹಿಡಿದುಕೊಂಡು ಮತ್ತೆ ಬರೆಯಿರಿ, ಆಮೇಲೆ 300 ಕೋಳಿಯ ಲೆಕ್ಕ ಒಟ್ಟಿಗೆ ಕೂತು ಮಾಡೋಣ.

ಮೊಟ್ಟೆಯನ್ನು ದುಡ್ಡು ಕೊಟ್ಟು ತರಬೇಡಿ. ಚಳಿ ಇಳಿದ ಮೇಲೆ, ಯುಗಾದಿಯ ಹೊತ್ತಿಗೆ, ಒಂದು ಬಕೆಟ್ಟಿಗೆ ಕೊಳೆತ ಬಾಳೆಹಣ್ಣು, ಪಪ್ಪಾಯಿ ಸಿಪ್ಪೆ, ಒಂದು ಹಿಡಿ ತೌಡು ಹಾಕಿ ತೋಟದ ನೆರಳಿನಲ್ಲಿ ಇಡಿ. ಮಳೆ ನೀರು ಬೀಳದಂತೆ ಮೇಲೆ ಒಂದು ಹಂಚು. ಪಾರ್ಸೆಲ್ ಬರುವ ರಟ್ಟಿನ ಡಬ್ಬದ ಅಂಚಿನಲ್ಲಿ ಸಣ್ಣ ಸಣ್ಣ ತೂತು ಕಾಣುತ್ತವಲ್ಲ, ಆ ರಟ್ಟನ್ನು ಅಂಗೈ ಅಗಲ ಕತ್ತರಿಸಿ, ಬಕೆಟ್ಟಿನ ಒಳಗೋಡೆಗೆ ಕಟ್ಟಿ. ಕಸಕ್ಕೆ ತಾಗಬಾರದು, ಒಣಗಿರಬೇಕು. ನಾಲ್ಕನೇ ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಆ ತೂತುಗಳ ಒಳಗೆ ನೋಡುತ್ತಾ ಬನ್ನಿ. ಯಾರೋ ಸಣ್ಣ ರವೆಯನ್ನು ಒತ್ತಾಗಿ ಅಂಟಿಸಿದ ಹಾಗೆ, ಕೆನೆ ಬಣ್ಣದ ಗೊಂಚಲು ಕಂಡರೆ, ಅದೇ ಮೊಟ್ಟೆ.